ಅಂಟಾರ್ಕ್ಟಿಕಾ ನೋಡೋಕೆ ಹೋಗಬೇಕಾ, ಬೇಡವಾ? ತಿಳಿದವರು ಹೇಳಿ

ಜಯನಗರದ ನಿವೃತ್ತ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾನು ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿ ಮೂರು ವರ್ಷ ಆಯಿತು. ನನ್ನ ಹೆಂಡತಿ 31 ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು. ಗೋಡೆಗೆ ನೇತುಹಾಕಿದ ನಕ್ಷೆಯ ತಳದಲ್ಲಿ ಒಂದು ಬಿಳಿ ಪಟ್ಟಿ ಇರುತ್ತಲ್ಲ, ಅದನ್ನ ಕೋಲಿನಿಂದ ಮಕ್ಕಳಿಗೆ ತೋರಿಸಿ ತೋರಿಸಿ, ಒಂದು ಸಲ ಕಣ್ಣಾರೆ ನೋಡಬೇಕು ಅಂತ ಅವಳಿಗೆ ಆಸೆ. ಅರ್ಜೆಂಟೀನಾದ ಉಶುವಾಯಾ ಊರಿನಿಂದ ಹಡಗು ಹೊರಡುತ್ತದೆ, ಎರಡು ದಿನ ಸಮುದ್ರ ದಾಟಿದರೆ ಅಂಟಾರ್ಕ್ಟಿಕಾದ ಮೂತಿ ಸಿಗುತ್ತದೆ ಅಂತ ಟ್ರಾವೆಲ್ ಏಜೆಂಟ್ ಹೇಳಿದ. ದುಡ್ಡು ಕೂಡಿಟ್ಟಿದ್ದೇವೆ.

ಆದರೆ ಹೋದ ಭಾನುವಾರ ಊಟಕ್ಕೆ ಕೂತಾಗ ಸೊಸೆ ಒಂದು ಮಾತು ಕೇಳಿದಳು. "ಮಾವ, ನೀವು ಅಲ್ಲಿ ಕಾಲಿಟ್ಟರೆ ಆ ಜಾಗಕ್ಕೆ ಏನಾಗುತ್ತೆ?" ಅಷ್ಟೇ ಕೇಳಿದ್ದು. ನನ್ನ ಹತ್ತಿರ ಉತ್ತರ ಇರಲಿಲ್ಲ, ನನ್ನ ಹೆಂಡತಿ ಹತ್ತಿರವೂ ಇರಲಿಲ್ಲ. ಆ ಜಾಗ ಯಾವ ದೇಶದ್ದೂ ಅಲ್ಲವಂತೆ. ಹಾಗಾದರೆ ಅದನ್ನ ಕಾಯೋರು ಯಾರು? ನಾವು ಹೋಗೋದು ಸರಿಯಾ? ಇಲ್ಲಿ ತಿಳಿದವರು ಇದ್ದೀರಿ, ಬಿಚ್ಚಿ ಹೇಳಿ.

ಹಿಮ ನೋಡಿದವನು:
ಸರ್, ನಾನು ಪೀಣ್ಯದವನು. ಒಂದು ವರ್ಷ ಮೈತ್ರಿಯಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸದಲ್ಲಿದ್ದೆ, ಚಳಿಗಾಲ ಪೂರ್ತಿ ಅಲ್ಲೇ ಕಳೆದೆ. ಮೈತ್ರಿ ಅಂದರೆ ಅಂಟಾರ್ಕ್ಟಿಕಾದಲ್ಲಿ ನಮ್ಮ ದೇಶದ ಎರಡನೇ ಸಂಶೋಧನಾ ನೆಲೆ, 1989ರಲ್ಲಿ ಶುರುವಾಗಿದ್ದು. ಮೊದಲನೆಯದು ದಕ್ಷಿಣ ಗಂಗೋತ್ರಿ, ಅದು ಹಿಮದಡಿ ಹೂತುಹೋಯಿತು. ಮೂರನೆಯದು ಭಾರತಿ, 2012ರದ್ದು, 134 ಕಂಟೇನರ್ ಜೋಡಿಸಿ ಕಟ್ಟಿದ್ದಾರೆ.

ಕಾಲಿಟ್ಟರೆ ಏನಾಗುತ್ತೆ ಅಂತ ಕೇಳಿದಿರಲ್ಲ, ನಾನು ಕಂಡಿದ್ದು ಹೇಳುತ್ತೇನೆ. ಮೈತ್ರಿ ಇರೋದು ಬಂಡೆ ಕಾಣುವ ಜಾಗದಲ್ಲಿ, ಶಿರ್ಮಾಕರ್ ಓಯಸಿಸ್ ಅಂತಾರೆ. ಖಂಡದಲ್ಲಿ ಹಿಮ ಇಲ್ಲದ ನೆಲ ತೀರಾ ಕಡಿಮೆ. ಪಾಚಿ, ಕಲ್ಲುಹೂವು ಬೆಳೆಯೋದೂ ಅಲ್ಲೇ, ಮನುಷ್ಯ ಮನೆ ಕಟ್ಟೋದೂ ಅಲ್ಲೇ. ತೊಂದರೆಯ ಮೂಲ ಇದೇ. ಆ ಚಳಿಗೆ ಪಾಚಿ ಬೆಳೆಯೋದು ಎಷ್ಟು ನಿಧಾನ ಅಂದರೆ, ಒಂದು ಬೂಟಿನ ಗುರುತು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ನಮ್ಮ ಕಡೆ ಮಳೆ ಬಂದು ಅಳಿಸುತ್ತೆ, ಹುಲ್ಲು ಬಂದು ಮುಚ್ಚುತ್ತೆ. ಅಲ್ಲಿ ಅಳಿಸೋಕೆ ಏನೂ ಇಲ್ಲ.

ನನ್ನ ಕೆಲಸದಲ್ಲಿ ದೊಡ್ಡ ತಲೆನೋವು ಡೀಸೆಲ್. ಡಬ್ಬದಿಂದ ಡಬ್ಬಕ್ಕೆ ಸುರಿಯುವಾಗ ಒಂದು ಲೋಟದಷ್ಟು ಚೆಲ್ಲಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಕೆಳಗೆ ತಟ್ಟೆ ಇಡಬೇಕು, ಚೆಲ್ಲಿದ್ದನ್ನ ಹೀರುವ ಬಟ್ಟೆ ಕೈಲಿರಬೇಕು, ಆ ಬಟ್ಟೆಯನ್ನೂ ಎಸೆಯುವ ಹಾಗಿಲ್ಲ, ಡ್ರಮ್ಮಿಗೆ ತುಂಬಿ ಹಡಗಿಗೆ ಹಾಕಿ ವಾಪಸ್ ಕಳಿಸಬೇಕು. ಬ್ಯಾಟರಿ, ಪ್ಲಾಸ್ಟಿಕ್, ರಬ್ಬರ್, ಹಳೆ ಎಂಜಿನ್ ಆಯಿಲ್, ಎಲ್ಲದಕ್ಕೂ ಅದೇ ದಾರಿ. ಬಯಲಲ್ಲಿ ಕಸ ಸುಡೋದು ನಿಷಿದ್ಧ. ಯಂತ್ರದಲ್ಲಿ ಸುಟ್ಟರೂ ಉಳಿದ ಬೂದಿಯನ್ನ ಹೊತ್ತು ತರಬೇಕು. ಇದು ನಮ್ಮ ಬಾಸ್ ಮಾಡಿದ ನಿಯಮ ಅಲ್ಲ, ಎಲ್ಲ ದೇಶಗಳೂ ಸೇರಿ ಮಾಡಿಕೊಂಡಿದ್ದು.

ಬೆಳ್ಳಂದೂರಿನವನು:
ಬೇಸರ ಮಾಡಿಕೊಳ್ಳಬೇಡಿ, ನನಗೆ ನಂಬಿಕೆ ಬರುತ್ತಿಲ್ಲ. ನಮ್ಮ ಕೆರೆ ನೊರೆ ಕಕ್ಕಿ ರಸ್ತೆಗೆ ಹಾರಿದ್ದನ್ನ ನೋಡಿದ್ದೇನೆ. ನೀರಿನ ಮೇಲೆ ಬೆಂಕಿ ಹತ್ತಿದ್ದನ್ನ ಬಾಲ್ಕನಿಯಲ್ಲಿ ನಿಂತು ನೋಡಿದ್ದೇನೆ, ಆ ವಾಸನೆ ಇನ್ನೂ ಮೂಗಿನಲ್ಲಿದೆ. ಒಂದೇ ಊರು, ಒಂದೇ ಸರ್ಕಾರ, ಒಂದು ಕೆರೆ. ದೂರು ಕೊಟ್ಟರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಇಷ್ಟು ಹತ್ತಿರ ಇರೋದನ್ನೇ ಕಾಯೋಕೆ ಆಗಲಿಲ್ಲ. ಐವತ್ತು ದೇಶ ಸೇರಿ, ಯಾರೂ ವಾಸ ಇಲ್ಲದ ಜಾಗ ಕಾಯುತ್ತಾರೆ ಅಂದರೆ ಹೇಗೆ ನಂಬಲಿ? ಕಾಗದದ ಮೇಲೆ ಎಲ್ಲಾ ಚೆನ್ನಾಗಿರುತ್ತೆ.

ಕಾನೂನು ಓದಿದವಳು:
ನಿಮ್ಮ ಪ್ರಶ್ನೆ ಸರಿಯಾಗಿದೆ ಸರ್. ಕೆರೆಯ ಉದಾಹರಣೆಯೇ ಇಟ್ಟುಕೊಳ್ಳೋಣ.

1959ರ ಡಿಸೆಂಬರ್ 1ರಂದು ವಾಷಿಂಗ್ಟನ್‌ನಲ್ಲಿ 12 ದೇಶಗಳು ಅಂಟಾರ್ಕ್ಟಿಕ್ ಒಪ್ಪಂದಕ್ಕೆ ಸಹಿ ಹಾಕಿದವು. ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ಇದ್ದವು, ಅದೂ ಶೀತಲ ಸಮರ ಜೋರಾಗಿದ್ದ ಕಾಲ. ಆಗಲೇ ಏಳು ದೇಶಗಳು "ಈ ತುಂಡು ನಮ್ಮದು" ಅಂತ ಹೇಳಿಕೊಂಡಿದ್ದವು. ಅರ್ಜೆಂಟೀನಾ, ಚಿಲಿ, ಬ್ರಿಟನ್ ಮೂರರ ತುಂಡುಗಳು ಒಂದರ ಮೇಲೊಂದು ಬಿದ್ದಿದ್ದವು. ಒಪ್ಪಂದ ಆ ಜಗಳ ಬಗೆಹರಿಸಲೇ ಇಲ್ಲ. ಇದ್ದಲ್ಲೇ ಹೆಪ್ಪುಗಟ್ಟಿಸಿತು. ಯಾರೂ ಹಕ್ಕು ಬಿಟ್ಟುಕೊಡಬೇಕಿಲ್ಲ, ಯಾರೂ ಹೊಸದಾಗಿ ಕೇಳುವ ಹಾಗಿಲ್ಲ. ಸೈನ್ಯದ ಚಟುವಟಿಕೆ ಇಲ್ಲ, ಅಣು ಸ್ಫೋಟ ಇಲ್ಲ, ಅಣು ತ್ಯಾಜ್ಯ ಸುರಿಯುವ ಹಾಗಿಲ್ಲ.

ಈಗ ನಿಮ್ಮ ಕೆರೆಗೆ ಬರೋಣ. ಒಪ್ಪಂದದ ಏಳನೇ ವಿಧಿ ನನಗೆ ಎಲ್ಲಕ್ಕಿಂತ ಇಷ್ಟ. ನಿರ್ಧಾರದಲ್ಲಿ ಮತ ಇರುವ ಯಾವ ದೇಶ ಬೇಕಾದರೂ ತನ್ನ ತಪಾಸಕರನ್ನ ಇನ್ನೊಂದು ದೇಶದ ನೆಲೆಗೆ ಯಾವಾಗ ಬೇಕಾದರೂ ಕಳಿಸಬಹುದು. ಗೋದಾಮು, ಕಸದ ಜಾಗ, ಇಳಿಸುವ ಹಡಗು, ಎಲ್ಲವೂ ತೆರೆದಿರಬೇಕು. ಬೇಡ ಅನ್ನೋ ಹಾಗಿಲ್ಲ. ವರದಿ ಎಲ್ಲರಿಗೂ ಓದೋಕೆ ಸಿಗುತ್ತದೆ. ನಿಮ್ಮ ಕೆರೆಗೆ ನೀರು ಬಿಡುವ ಪ್ರತಿ ಕಟ್ಟಡದ ಹಿಂಬಾಗಿಲನ್ನ ನೀವೇ ಹೋಗಿ ತೆರೆಯುವ ಹಕ್ಕು ನಿಮಗೆ ಇದ್ದಿದ್ದರೆ ಹೇಗಿರುತ್ತಿತ್ತು, ಯೋಚಿಸಿ.

ಹಿಮ ನೋಡಿದವನು:
ಇದು ನಿಜ ಮೇಡಂ. ಮೈತ್ರಿಗೂ ಬೇರೆ ದೇಶದ ತಂಡಗಳು ಬಂದು ನೋಡಿ ಹೋಗಿವೆ. ನಾನಿದ್ದಾಗ ಬರಲಿಲ್ಲ, ಆದರೆ ಹಿಂದಿನ ವರದಿಯ ಒಂದು ಪ್ರತಿಯನ್ನ ನಮಗೆ ಓದಿಸಿದ್ದರು. ಹೊರಗಿನವರು ಬಂದು ನಮ್ಮ ಡ್ರಮ್ ಎಣಿಸುತ್ತಾರೆ ಅನ್ನೋದು ತಲೆಯಲ್ಲಿ ಕೂತರೆ ಕೆಲಸ ಮಾಡುವ ರೀತಿಯೇ ಬೇರೆ.

ಬೆಳ್ಳಂದೂರಿನವನು:
ಸರಿ, ಒಳಗೆ ಬಿಡುತ್ತಾರೆ. ತಪ್ಪು ಸಿಕ್ಕಿತು ಅಂದುಕೊಳ್ಳಿ. ಆಮೇಲೆ? ಅಲ್ಲಿ ಪೊಲೀಸ್ ಇದ್ದಾರಾ, ಕೋರ್ಟ್ ಇದೆಯಾ?

ಕಾನೂನು ಓದಿದವಳು:
ಇಲ್ಲ. ಅಲ್ಲಿಗೇ ಅಂತ ಪೊಲೀಸ್ ಇಲ್ಲ. ಪ್ರತಿ ದೇಶವೂ ತನ್ನ ಜನರನ್ನ ತನ್ನ ಕಾನೂನಿನಿಂದ ಹಿಡಿಯಬೇಕು. ಭಾರತ 1983ರಲ್ಲೇ ಒಪ್ಪಂದ ಸೇರಿತು, ಅದೇ ವರ್ಷ ಮತದ ಹಕ್ಕೂ ಸಿಕ್ಕಿತು. ಆದರೆ ನಮ್ಮದೇ ಕಾಯ್ದೆ ಬಂದಿದ್ದು 2022ರಲ್ಲಿ. 39 ವರ್ಷ ತಡ. ಇದನ್ನ ನಾನು ಸಮರ್ಥಿಸೋಲ್ಲ. ಈಗ ಪರ್ಮಿಟ್ ಇಲ್ಲದೆ ಹೊರಗಿನ ಗಿಡ, ಪ್ರಾಣಿ ತಂದರೂ, ಖನಿಜಕ್ಕೆ ಕೊರೆದರೂ 7 ವರ್ಷದವರೆಗೆ ಜೈಲು ಇದೆ.

ಆದರೆ ಪೊಲೀಸ್ ಇಲ್ಲದೆಯೂ ಬದಲಾವಣೆ ಆಗಿದೆ, ಅದನ್ನೂ ಹೇಳಬೇಕು. ಅಲ್ಲಿನ ಅತಿ ದೊಡ್ಡ ನೆಲೆ ಅಮೆರಿಕದ ಮೆಕ್‌ಮರ್ಡೋ, ಅದು ಒಂದು ದ್ವೀಪದ ಮೇಲಿದೆ. ಮೊದಲೆಲ್ಲ ಅಲ್ಲಿ ಹಳೆ ವಾಹನ, ಕಬ್ಬಿಣ, ಕಸವನ್ನ ಸಮುದ್ರದ ಮಂಜುಗಡ್ಡೆ ಮೇಲೆ ಇಡುತ್ತಿದ್ದರು. ಬೇಸಿಗೆಯಲ್ಲಿ ಗಡ್ಡೆ ಒಡೆದಾಗ ಎಲ್ಲ ಮುಳುಗುತ್ತಿತ್ತು. ಕಣ್ಣಿಗೆ ಕಾಣಲಿಲ್ಲ ಅಂದರೆ ಇಲ್ಲ ಅನ್ನೋ ಲೆಕ್ಕ. 1962ರಿಂದ 1972ರವರೆಗೆ ಅಲ್ಲಿ ಒಂದು ಸಣ್ಣ ಅಣು ಸ್ಥಾವರವನ್ನೂ ನಡೆಸಿದರು. ಅದನ್ನ ಬಿಚ್ಚಿದ ಮೇಲೆ ಸಾವಿರಾರು ಟನ್ ಮಣ್ಣು, ಕಲ್ಲನ್ನ ಹಡಗಿಗೆ ತುಂಬಿ ಅಮೆರಿಕಕ್ಕೆ ಸಾಗಿಸಬೇಕಾಯಿತು. 1980ರ ದಶಕದ ಕೊನೆಯಲ್ಲಿ ಗ್ರೀನ್‌ಪೀಸ್ ಅನ್ನೋ ಪರಿಸರ ಹೋರಾಟದ ಸಂಸ್ಥೆ ಅದೇ ದ್ವೀಪದಲ್ಲಿ ತನ್ನದೊಂದು ನೆಲೆ ಹಾಕಿ ಕೂತಿತು. ಅಕ್ಕಪಕ್ಕದ ನೆಲೆಗಳ ಕಸದ ಫೋಟೋ ತೆಗೆದು ಜಗತ್ತಿಗೆ ತೋರಿಸಿತು. ಆ ಅವಮಾನ ಕೆಲಸ ಮಾಡಿತು.

ಅದೇ ಹೊತ್ತಿಗೆ ಇನ್ನೊಂದು ನಡೆಯುತ್ತಿತ್ತು. 1988ರಲ್ಲಿ ಅಂಟಾರ್ಕ್ಟಿಕಾದಲ್ಲಿ ಗಣಿಗಾರಿಕೆ ಹೇಗೆ ಮಾಡಬೇಕು ಅಂತ ಒಂದು ಒಪ್ಪಂದವೇ ಸಿದ್ಧವಾಗಿತ್ತು. ವರ್ಷಗಟ್ಟಲೆ ಕೂತು ಮಾಡಿದ್ದು. 1989ರಲ್ಲಿ ಆಸ್ಟ್ರೇಲಿಯಾ, ಫ್ರಾನ್ಸ್ ಎರಡೂ ಸಹಿ ಹಾಕೋಲ್ಲ ಅಂದವು. ಅಲ್ಲಿಗೆ ಅದು ಬಿದ್ದುಹೋಯಿತು. ಅದರ ಬದಲಿಗೆ 1991ರಲ್ಲಿ ಮ್ಯಾಡ್ರಿಡ್ ಪ್ರೋಟೊಕಾಲ್ ಅನ್ನೋ ಪೂರಕ ಒಪ್ಪಂದ ಬಂತು, 1998ರಿಂದ ಜಾರಿ. ಸಂಶೋಧನೆ ಬಿಟ್ಟು ಖನಿಜದ ಯಾವ ಕೆಲಸವೂ ಇಲ್ಲ. ಏನೇ ಕಟ್ಟುವ ಮೊದಲು ಪರಿಸರದ ಮೇಲಿನ ಪರಿಣಾಮ ಲೆಕ್ಕ ಹಾಕಬೇಕು. ಪರಿಣಾಮ ಜಾಸ್ತಿ ಇರುತ್ತೆ ಅನಿಸಿದರೆ ಆ ಕರಡನ್ನ ಉಳಿದ ಎಲ್ಲ ದೇಶಗಳ ಮುಂದೆ ಇಟ್ಟು ಅವರ ಟೀಕೆ ಕೇಳಬೇಕು. ಜಾರುಬಂಡಿ ಎಳೆಯುವ ನಾಯಿಗಳನ್ನೂ 1994ರ ಏಪ್ರಿಲ್ ಒಳಗೆ ಹೊರಗೆ ಕಳಿಸಿದರು. ನಾಯಿಯ ರೋಗ ಸೀಲ್‌ಗಳಿಗೆ ಹರಡೀತು ಅಂತ.

ಹಡಗಿನ ಎಂಜಿನ್ ರೂಮ್:
ಫ್ರಾನ್ಸ್, ಆಸ್ಟ್ರೇಲಿಯಾ ಮನಸ್ಸು ಬದಲಿಸಿದ ವರ್ಷ ಯಾವುದು ನೋಡಿ. 1989. ಆ ವರ್ಷ ಜನವರಿಯಲ್ಲಿ ಅರ್ಜೆಂಟೀನಾದ ಬಾಹಿಯಾ ಪಾರೈಸೋ ಹಡಗು ಅಂಟಾರ್ಕ್ಟಿಕ್ ಪರ್ಯಾಯ ದ್ವೀಪದ ಹತ್ತಿರ ಬಂಡೆಗೆ ಬಡಿಯಿತು. ಸುಮಾರು 6 ಲಕ್ಷ ಲೀಟರ್ ಡೀಸೆಲ್ ಸಮುದ್ರ ಸೇರಿತು. ಅದರಲ್ಲಿ ಪ್ರವಾಸಿಗರೂ ಇದ್ದರು, ಜೀವ ಉಳಿಯಿತು. ಹಡಗು ಇವತ್ತಿಗೂ ಅಲ್ಲೇ ಇದೆ. ಎರಡು ತಿಂಗಳಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಅನ್ನೋ ಎಣ್ಣೆ ಹಡಗಿನ ದುರಂತ ಆಯಿತು. ಎಣ್ಣೆ ಮೆತ್ತಿದ ಹಕ್ಕಿಗಳ ಚಿತ್ರ ಪ್ರತಿ ಪತ್ರಿಕೆಯಲ್ಲೂ ಬಂತು. ನಾನು ಮರ್ಚೆಂಟ್ ನೇವಿಯಲ್ಲಿ 22 ವರ್ಷ ಇದ್ದವನು. ನಮ್ಮ ತರಬೇತಿಯಲ್ಲಿ ಈ ಎರಡನ್ನೂ ಪಾಠ ಮಾಡಿದ್ದರು.

ಎಣ್ಣೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಯಮ ಎಲ್ಲಿ ಹುಟ್ಟುತ್ತೆ ಅನ್ನೋದು ಇದರಲ್ಲಿ ಗೊತ್ತಾಗುತ್ತೆ. ದೊಡ್ಡ ಹಡಗುಗಳು ಸುಡೋದು ಹೆವಿ ಫ್ಯುಯೆಲ್ ಆಯಿಲ್. ಕಚ್ಚಾ ಎಣ್ಣೆಯಿಂದ ಪೆಟ್ರೋಲ್, ಡೀಸೆಲ್ ಎಲ್ಲ ತೆಗೆದ ಮೇಲೆ ತಳದಲ್ಲಿ ಉಳಿಯುವ ಡಾಂಬರಿನಂಥದ್ದು. ಬಿಸಿ ಮಾಡದಿದ್ದರೆ ಪೈಪಿನಲ್ಲಿ ಹರಿಯೋದೇ ಇಲ್ಲ. ಡೀಸೆಲ್ ಚೆಲ್ಲಿದರೆ ಒಂದಷ್ಟು ಆವಿಯಾಗುತ್ತೆ, ಅಲೆಗೆ ಚದುರುತ್ತೆ. ಇದು ತಣ್ಣೀರಿಗೆ ಬಿದ್ದರೆ ಗಟ್ಟಿಯಾಗಿ ಮಂಜುಗಡ್ಡೆಯ ಅಡಿಗೆ ಅಂಟಿಕೊಳ್ಳುತ್ತೆ. ತೆಗೆಯೋಕೆ ದಾರಿಯಿಲ್ಲ. ಸುಟ್ಟಾಗ ಬರುವ ಕಪ್ಪು ಮಸಿ ಹಿಮದ ಮೇಲೆ ಕೂತು ಬಿಸಿಲನ್ನ ಹೀರಿ ಕರಗುವಿಕೆ ಹೆಚ್ಚಿಸುತ್ತೆ. ಅದಕ್ಕೇ 2011ರ ಆಗಸ್ಟ್ 1ರಿಂದ ಅಂಟಾರ್ಕ್ಟಿಕ್ ಸಮುದ್ರದಲ್ಲಿ ಈ ಎಣ್ಣೆ ಸುಡೋದೂ ಬೇಡ, ಹೊತ್ತೊಯ್ಯೋದೂ ಬೇಡ ಅಂತ ಅಂತರರಾಷ್ಟ್ರೀಯ ಕಡಲ ಸಂಸ್ಥೆ ನಿಷೇಧಿಸಿತು. ಅದನ್ನೇ ಸುಡುತ್ತಿದ್ದ ದೊಡ್ಡ ಪ್ರವಾಸಿ ಹಡಗುಗಳು ಒಂದೋ ಎಣ್ಣೆ ಬದಲಿಸಬೇಕಾಯಿತು, ಇಲ್ಲ ಅತ್ತ ಹೋಗೋದು ಬಿಡಬೇಕಾಯಿತು.

ಉತ್ತರ ಧ್ರುವದ ಕಡೆ? ಅಲ್ಲಿ ಅದೇ ನಿಷೇಧ ಬಂದಿದ್ದು 2024ರ ಜುಲೈ 1ಕ್ಕೆ. ಅದೂ ಸಡಿಲವಾಗಿ. ಆರ್ಕ್ಟಿಕ್ ತೀರದ ದೇಶಗಳು ತಮ್ಮ ಹಡಗುಗಳಿಗೆ 2029ರವರೆಗೆ ವಿನಾಯಿತಿ ಕೊಡಬಹುದು. 13 ವರ್ಷ ತಡ, ಮೇಲೆ ಐದು ವರ್ಷದ ವಿನಾಯಿತಿ. ಒಂದೇ ಎಣ್ಣೆ, ಒಂದೇ ಹಿಮ. ನನಗೆ ಇದು ನುಂಗಲಾರದ ತುತ್ತು.

ಎಂಎಸ್ಸಿ ವಿದ್ಯಾರ್ಥಿನಿ:
ಅಂಕಲ್, ಎರಡು ಧ್ರುವಗಳ ಭೂಗೋಳವೇ ತಿರುವುಮುರುವು, ಅಲ್ವಾ? ದಕ್ಷಿಣದಲ್ಲಿ ನಡುವೆ ನೆಲ, ಸುತ್ತ ಸಮುದ್ರ, ಊರಿನ ಜನ ಇಲ್ಲ. ಉತ್ತರದಲ್ಲಿ ನಡುವೆ ಸಮುದ್ರ, ಸುತ್ತ ದೇಶಗಳು. ಸುಮಾರು 40 ಲಕ್ಷ ಜನ ಅಲ್ಲಿ ಬಾಳುತ್ತಾರೆ. ಅವರಲ್ಲಿ ಇನ್ಯೂಯಿಟ್, ಸಾಮಿ ಥರದ ಮೂಲನಿವಾಸಿಗಳೂ ಇದ್ದಾರೆ. "ಯಾರೂ ಮುಟ್ಟಬೇಡಿ" ಅಂತ ಅಲ್ಲಿ ಹೇಳೋಕೆ ಬರೋಲ್ಲ, ಅದು ಅವರ ಮನೆ. ಹಾಗಾಗಿ ಅಲ್ಲಿ ಒಂದೇ ದೊಡ್ಡ ಒಪ್ಪಂದ ಇಲ್ಲ. 1996ರಲ್ಲಿ ಎಂಟು ದೇಶಗಳು ಆರ್ಕ್ಟಿಕ್ ಕೌನ್ಸಿಲ್ ಮಾಡಿಕೊಂಡವು. ಮೂಲನಿವಾಸಿಗಳ ಆರು ಸಂಘಟನೆಗಳು ಅದೇ ಮೇಜಿನಲ್ಲಿ ಕಾಯಂ ಆಗಿ ಕೂರುತ್ತವೆ. ಇದು ನನಗೆ ತುಂಬಾ ಹಿಡಿಸಿದ ವಿಷಯ. ಭಾರತ 2013ರಿಂದ ವೀಕ್ಷಕ ದೇಶ. ಆದರೆ ಆ ಕೌನ್ಸಿಲ್ ತಾನೇ ಕಾನೂನು ಮಾಡೋಲ್ಲ, ರಷ್ಯಾ ಉಕ್ರೇನ್ ಮೇಲೆ ಬಿದ್ದ ಮೇಲೆ 2022ರಲ್ಲಿ ಸಭೆಗಳೇ ನಿಂತುಹೋದವು. ಆರ್ಕ್ಟಿಕ್ ತೀರದ ಅರ್ಧದಷ್ಟು ರಷ್ಯಾದ್ದು. ಅವರಿಲ್ಲದೆ ಲೆಕ್ಕ ಹೇಗೆ ತುಂಬುತ್ತೆ?

ಒಂದು ಒಳ್ಳೆ ಸುದ್ದಿಯೂ ಇದೆ. ಆರ್ಕ್ಟಿಕ್ ಸಮುದ್ರದ ನಟ್ಟನಡುವೆ ಯಾವ ದೇಶಕ್ಕೂ ಸೇರದ 28 ಲಕ್ಷ ಚದರ ಕಿ.ಮೀ. ನೀರಿದೆ. ಮೊದಲು ವರ್ಷ ಪೂರ್ತಿ ಮಂಜುಗಡ್ಡೆ ಮುಚ್ಚಿತ್ತು, ಈಗ ಬೇಸಿಗೆಯಲ್ಲಿ ಅಂಚು ಬಿಚ್ಚಿಕೊಳ್ಳುತ್ತಿದೆ. ಅಲ್ಲಿ ಒಂದು ದೋಣಿಯೂ ಮೀನು ಹಿಡಿಯೋಕೆ ಹೋಗುವ ಮೊದಲೇ, 2018ರಲ್ಲಿ ಒಂಬತ್ತು ದೇಶಗಳು, ಐರೋಪ್ಯ ಒಕ್ಕೂಟ ಸೇರಿ "ಮೊದಲು ಏನಿದೆ ಅಂತ ಓದೋಣ, ಅಲ್ಲಿವರೆಗೆ ವ್ಯಾಪಾರದ ಮೀನುಗಾರಿಕೆ ಬೇಡ" ಅಂತ ಒಪ್ಪಿದವು. 2021ರಿಂದ ಜಾರಿ, ಸದ್ಯಕ್ಕೆ 16 ವರ್ಷಕ್ಕೆ. ಚೀನಾ, ರಷ್ಯಾ, ಅಮೆರಿಕ ಮೂರೂ ಅದರಲ್ಲಿವೆ.

ನಮ್ಮ ಊರಿನ ನಂಟೂ ಹೇಳಿಬಿಡುತ್ತೇನೆ. ಆರ್ಕ್ಟಿಕ್‌ನಲ್ಲಿರುವ ನಾರ್ವೆಯ ದ್ವೀಪಸಮೂಹ ಸ್ವಾಲ್ಬಾರ್ಡ್‌ನಲ್ಲಿ 2008ರಿಂದ ನಮ್ಮ ಹಿಮಾದ್ರಿ ನೆಲೆ ಇದೆ. 2023ರ ಡಿಸೆಂಬರ್‌ನಲ್ಲಿ ಮೊದಲ ಸಲ ಚಳಿಗಾಲದಲ್ಲಿ ತಂಡ ಹೋಯಿತು. ಆ ಮೊದಲ ತಂಡದಲ್ಲಿ ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು. ಸೂರ್ಯನೇ ಹುಟ್ಟದ ತಿಂಗಳುಗಳವು.

ಮಲ್ಲೇಶ್ವರಂ ಟೀಚರ್:
ನಮ್ಮ ಶಾಲೆಯಲ್ಲಿ ಮಕ್ಕಳು ಕೇಳುತ್ತಾರೆ, "ಮಿಸ್, 2048ಕ್ಕೆ ಒಪ್ಪಂದ ಮುಗಿಯುತ್ತಂತೆ, ಆಮೇಲೆ ಎಲ್ಲರೂ ಅಗೆಯೋಕೆ ಶುರು ಮಾಡ್ತಾರಂತೆ" ಅಂತ. ಎಲ್ಲೋ ವಿಡಿಯೋದಲ್ಲಿ ನೋಡಿದ್ದಾರೆ. ಇದು ನಿಜಾನಾ?

ಕಾನೂನು ಓದಿದವಳು:
ನಿಜ ಅಲ್ಲ ಮೇಡಂ, ಮಕ್ಕಳಿಗೆ ಖಂಡಿತ ಹೇಳಿ. ಏನೂ ಮುಗಿಯೋಲ್ಲ. 2048ರಿಂದ, ಮತ ಇರುವ ಯಾವುದೇ ದೇಶ ಮ್ಯಾಡ್ರಿಡ್ ಪ್ರೋಟೊಕಾಲ್‌ನ ಮರುಪರಿಶೀಲನೆಗೆ ಸಭೆ ಕರೆಯಿರಿ ಅಂತ ಕೇಳಬಹುದು, ಅಷ್ಟೇ. ಕರೆದರೂ ಗಣಿ ನಿಷೇಧ ತೆಗೆಯೋದು ಸುಲಭ ಇಲ್ಲ. 1991ರಲ್ಲಿ ಮತದ ಹಕ್ಕಿದ್ದ 26 ದೇಶಗಳೂ, ಅದರಲ್ಲಿ ಭಾರತವೂ ಸೇರಿ, ಆ ತಿದ್ದುಪಡಿಯನ್ನ ಅನುಮೋದಿಸಬೇಕು. ಜೊತೆಗೆ ಗಣಿಗೆ ಕಡ್ಡಾಯ ನಿಯಮ ಇರುವ ಇನ್ನೊಂದು ವ್ಯವಸ್ಥೆ ಮೊದಲೇ ಜಾರಿಯಲ್ಲಿರಬೇಕು. ಬೇಸತ್ತ ದೇಶ ಹೊರಗೆ ಹೋಗುವ ಒಂದು ದಾರಿ ಇದೆ, ಅದನ್ನ ಮುಚ್ಚಿಡೋಲ್ಲ. ಆದರೆ ಅದೂ ವರ್ಷಗಟ್ಟಲೆ ಹಿಡಿಯುವ ದಾರಿ.

ಔಷಧಿ ಅಂಗಡಿಯವ:
ನಾನು ಬಸವನಗುಡಿಯಲ್ಲಿ ಮೆಡಿಕಲ್ ಶಾಪ್ ಇಟ್ಟಿದ್ದೇನೆ. ಈ ಚರ್ಚೆ ಓದುತ್ತಾ ಒಂದು ಡಬ್ಬಿ ನೆನಪಾಯಿತು. ಕ್ರಿಲ್ ಎಣ್ಣೆಯ ಮಾತ್ರೆ ಅಂತ ಬರುತ್ತೆ, ಒಮೆಗಾ 3 ಬೇಕು ಅನ್ನೋರು ಕೇಳಿ ತೆಗೆದುಕೊಳ್ಳುತ್ತಾರೆ. ಲೇಬಲ್ ಮೇಲೆ ಅಂಟಾರ್ಕ್ಟಿಕ್ ಅಂತಾನೇ ಇದೆ. ಇದು ಅಲ್ಲಿಂದಲೇ ಹಿಡಿದು ತರೋದಾ?

ಎಂಎಸ್ಸಿ ವಿದ್ಯಾರ್ಥಿನಿ:
ಹೌದು ಅಂಕಲ್, ಅಲ್ಲಿಂದಲೇ. ಕ್ರಿಲ್ ಅಂದರೆ ಸೀಗಡಿ ಥರದ ಕಿರುಬೆರಳಿನಷ್ಟು ಜೀವಿ. ತಿಮಿಂಗಿಲ, ಸೀಲ್, ಪೆಂಗ್ವಿನ್, ಎಲ್ಲದರ ಊಟ ಅದೇ. ಅದರ ಎಳೆ ಮರಿಗಳು ಚಳಿಗಾಲದಲ್ಲಿ ಮಂಜುಗಡ್ಡೆಯ ಅಡಿಯ ಪಾಚಿ ತಿಂದು ಬದುಕುತ್ತವೆ. ಅಂದರೆ ಮಂಜುಗಡ್ಡೆ ಕಡಿಮೆಯಾದರೆ ಅವಕ್ಕೂ ಕಷ್ಟ. ಹಿಡಿದಿದ್ದರಲ್ಲಿ ಜಾಸ್ತಿ ಪಾಲು ಸಾಕಿದ ಸಾಲ್ಮನ್ ಮೀನಿನ ಮೇವಿಗೆ ಹೋಗುತ್ತೆ, ಉಳಿದದ್ದರಲ್ಲಿ ಮಾತ್ರೆ.

ಅದನ್ನ ನೋಡಿಕೊಳ್ಳೋಕೆ ಬೇರೆ ಒಂದು ಒಪ್ಪಂದ ಇದೆ, 1980ರದ್ದು. ಆಯೋಗದ ಕಚೇರಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ, ಭಾರತವೂ ಸದಸ್ಯ. ಅವರ ಯೋಚನೆ ತುಂಬಾ ಚೆನ್ನಾಗಿತ್ತು. ಕ್ರಿಲ್ ಎಷ್ಟಿದೆ ಅಂತ ಮಾತ್ರ ನೋಡಬೇಡಿ, ಅದನ್ನ ತಿನ್ನುವವರಿಗೆ ಎಷ್ಟು ಬೇಕು ಅಂತಲೂ ನೋಡಿ, ಆಮೇಲೆ ಹಿಡಿಯಿರಿ ಅಂತ. ಪರ್ಯಾಯ ದ್ವೀಪ, ಸ್ಕೋಶಿಯಾ ಸಮುದ್ರ ಸೇರಿದ ಭಾಗಕ್ಕೆ ವರ್ಷಕ್ಕೆ 6 ಲಕ್ಷ 20 ಸಾವಿರ ಟನ್ ಅಂತ ಗೆರೆ ಹಾಕಿದರು. ಅದನ್ನ ನಾಲ್ಕು ತುಂಡು ಜಾಗಗಳಿಗೆ ಹಂಚಿದ್ದರು, ಪೆಂಗ್ವಿನ್ ಮರಿ ಮಾಡುವ ಒಂದೇ ಜಾಗದಲ್ಲಿ ಎಲ್ಲ ಹಡಗುಗಳೂ ಮುತ್ತಿಕೊಳ್ಳಬಾರದು ಅಂತ. ಆ ಹಂಚಿಕೆಯ ನಿಯಮ 2024ರ ಸಭೆಯಲ್ಲಿ ನವೀಕರಣ ಆಗಲಿಲ್ಲ. ಒಮ್ಮತ ಬರಲಿಲ್ಲ, ನಿಯಮ ತಾನಾಗಿ ಬಿದ್ದುಹೋಯಿತು. ಮರುವರ್ಷ, 2025ರಲ್ಲಿ, ಮೊದಲ ಸಲ ಇಡೀ 6 ಲಕ್ಷ 20 ಸಾವಿರ ಟನ್ ಅವಧಿಗೆ ಮುಂಚೆಯೇ ಮುಗಿದು ಆಗಸ್ಟ್‌ನಲ್ಲಿ ಮೀನುಗಾರಿಕೆ ನಿಲ್ಲಿಸಬೇಕಾಯಿತು. ಗೆರೆ ಕೆಲಸ ಮಾಡಿತು. ಆದರೆ ಹಂಚಿಕೆ ಹೋಗಿಬಿಟ್ಟಿತ್ತು.

ಬೆಳ್ಳಂದೂರಿನವನು:
ನೋಡಿ, ನಾನು ಹೇಳಿದ್ದು ಇದನ್ನೇ. ಎಲ್ಲರೂ ಒಪ್ಪಬೇಕು ಅಂದರೆ, ಒಬ್ಬ ಬೇಡ ಅಂದರೆ ಸಾಕು.

ಕಾನೂನು ಓದಿದವಳು:
ಇಲ್ಲಿ ನಿಮ್ಮ ಜೊತೆ ನಾನಿದ್ದೇನೆ. ಅದೇ ಆಯೋಗ ಅಂಟಾರ್ಕ್ಟಿಕಾದ ರಾಸ್ ಸಮುದ್ರದಲ್ಲಿ 15 ಲಕ್ಷ 50 ಸಾವಿರ ಚದರ ಕಿ.ಮೀ. ರಕ್ಷಿತ ಪ್ರದೇಶ ಮಾಡಿತು. ನಮ್ಮ ಕರ್ನಾಟಕದಂಥ ಎಂಟು ರಾಜ್ಯ ಹಿಡಿಸುವಷ್ಟು. 2016ರಲ್ಲಿ ಒಪ್ಪಿದ್ದು, 2017ರ ಡಿಸೆಂಬರ್‌ನಿಂದ ಜಾರಿ. ಮೊದಲ ಪ್ರಸ್ತಾವ ಬಂದಮೇಲೆ ವರ್ಷಗಟ್ಟಲೆ ಎಳೆದಾಡಿ, ಕೊನೆಗೆ ರಷ್ಯಾ ಒಪ್ಪಿದ ಮೇಲೆ ಆಯಿತು. ಅದೂ 35 ವರ್ಷಕ್ಕೆ ಮಾತ್ರ. ಪೂರ್ವ ಅಂಟಾರ್ಕ್ಟಿಕಾ, ವೆಡೆಲ್ ಸಮುದ್ರದ ಪ್ರಸ್ತಾವಗಳು ವರ್ಷ ವರ್ಷ ಮೇಜಿಗೆ ಬರುತ್ತವೆ, ರಷ್ಯಾ, ಚೀನಾ ಒಪ್ಪದೆ ವಾಪಸ್ ಹೋಗುತ್ತವೆ.

ಆದರೂ ಒಮ್ಮತ ತೆಗೆದುಹಾಕಿ ಬಹುಮತ ತನ್ನಿ ಅಂತ ನಾನು ಹೇಳೋಲ್ಲ. ಬಹುಮತ ಇದ್ದಿದ್ದರೆ ಸೋತ ದೇಶ ಎದ್ದು ಹೊರಗೆ ಹೋಗುತ್ತಿತ್ತು, ಆಮೇಲೆ ಅದರ ಹಡಗಿಗೆ ಯಾವ ನಿಯಮವೂ ಇಲ್ಲ. ಗಣಿ ಒಪ್ಪಂದ ಬಿದ್ದಿದ್ದೂ ಒಮ್ಮತದ ನಿಯಮದಿಂದಲೇ, ಎರಡು ದೇಶ ಬೇಡ ಅಂದಿದ್ದಕ್ಕೆ. ಆಗ ಅದು ನಮಗೆ ವರವಾಯಿತು, ಈಗ ಅದೇ ಕಾಲಿಗೆ ತೊಡಕು. ನನ್ನ ಅನಿಸಿಕೆ ಏನೆಂದರೆ, ಲಾಭ ಶುರುವಾಗುವ ಮೊದಲೇ ಒಪ್ಪಂದ ಆದರೆ ಅದು ನಿಲ್ಲುತ್ತೆ. ಗಣಿ, ಆರ್ಕ್ಟಿಕ್ ನಡುವಿನ ಮೀನು, ಎರಡೂ ಹಾಗೇ. ಹಡಗು ಕಟ್ಟಿ, ಕಾರ್ಖಾನೆ ಹಾಕಿ, ಜನ ಸಂಬಳ ತೆಗೆದುಕೊಳ್ಳೋಕೆ ಶುರುವಾದ ಮೇಲೆ ಒಪ್ಪಿಸೋದು ಬಹಳ ಕಷ್ಟ. ಕ್ರಿಲ್ ಹಾಗಾಗಿದೆ. ಪ್ರವಾಸವೂ ಹಾಗೇ ಆಗುತ್ತಿದೆ ಅನ್ನೋದು ನನ್ನ ಭಯ.

ಔಷಧಿ ಅಂಗಡಿಯವ:
ಆ ಡಬ್ಬಿ ಇನ್ನು ತರಿಸೋಲ್ಲ. ಅಗಸೆ ಬೀಜ ಇದೆಯಲ್ಲ, ಚಟ್ನಿಪುಡಿ ಮಾಡಿ ತಿನ್ನಿ ಅಂತ ಹೇಳುತ್ತೇನೆ.

ಜಯನಗರದ ನಿವೃತ್ತ:
ಎಲ್ಲವನ್ನೂ ಹೆಂಡತಿಗೆ ಓದಿ ಹೇಳಿದೆ. ಕೊನೆಯ ಮಾತು ಬಂದಾಗ ಅವಳು ಸುಮ್ಮನಾದಳು. ಪ್ರವಾಸದ ನಿಯಮ ಈಗ ಹೇಗಿದೆ, ಯಾರಾದರೂ ಹೇಳುತ್ತೀರಾ?

ಹಡಗಿನ ಎಂಜಿನ್ ರೂಮ್:
1991ರಲ್ಲಿ ಏಳು ಕಂಪನಿಗಳು ಸೇರಿ ಪ್ರವಾಸ ನಡೆಸುವವರ ಒಂದು ಸಂಘ ಮಾಡಿಕೊಂಡವು. ಈಗ ಅಲ್ಲಿಗೆ ಹೋಗುವ ಹೆಚ್ಚುಕಡಿಮೆ ಎಲ್ಲ ಪ್ರವಾಸಿ ಹಡಗುಗಳೂ ಅದರ ಸದಸ್ಯರು. ಅವರ ನಿಯಮದಲ್ಲಿ 500ಕ್ಕಿಂತ ಜಾಸ್ತಿ ಜನ ಇರುವ ಹಡಗು ಯಾರನ್ನೂ ನೆಲಕ್ಕೆ ಇಳಿಸುವ ಹಾಗಿಲ್ಲ. ಚಿಕ್ಕ ಹಡಗಾದರೂ ಒಂದು ಜಾಗದಲ್ಲಿ ಒಂದು ಹೊತ್ತಿಗೆ 100 ಜನ ಮಾತ್ರ. ಪೆಂಗ್ವಿನ್‌ನಿಂದ 5 ಮೀಟರ್ ದೂರ. ಒಳ್ಳೆ ನಿಯಮಗಳೇ. ಆದರೆ ವರ್ಷಕ್ಕೆ ಒಟ್ಟು ಎಷ್ಟು ಜನ ಹೋಗಬಹುದು ಅನ್ನೋದಕ್ಕೆ ಮಿತಿಯೇ ಇಲ್ಲ. ಈಗ ಒಂದು ಋತುವಿನಲ್ಲಿ ಒಂದು ಲಕ್ಷ ದಾಟಿದೆ, ಹೆಚ್ಚುಕಡಿಮೆ ಎಲ್ಲರೂ ಹೋಗೋದು ಅದೇ ಪರ್ಯಾಯ ದ್ವೀಪದ ಬೆರಳೆಣಿಕೆಯ ತೀರಗಳಿಗೆ. 2024ರ ಮೇನಲ್ಲಿ ಒಪ್ಪಂದದ ದೇಶಗಳ ಸಭೆ ನಮ್ಮ ಕೊಚ್ಚಿಯಲ್ಲೇ ನಡೆಯಿತು. ಪ್ರವಾಸಕ್ಕೆ ಒಂದು ಸಮಗ್ರ ಚೌಕಟ್ಟು ಮಾಡೋಕೆ ಅಲ್ಲಿ ಕೆಲಸ ಶುರು ಮಾಡಿದ್ದಾರೆ. ಅದು ಎಷ್ಟು ಬೇಗ ಆಗುತ್ತೋ ಅಷ್ಟು ಒಳ್ಳೆಯದು.

ಎಂಎಸ್ಸಿ ವಿದ್ಯಾರ್ಥಿನಿ:
ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನೀವು ಹೋಗದೇ ಇರೋದೇ ಒಳ್ಳೆಯದು ಅನಿಸುತ್ತೆ. ಬೂಟು ತೊಳೆದರೂ ವಿಮಾನ, ಹಡಗಿನ ಹೊಗೆ ತೊಳೆಯೋಕೆ ಆಗೋಲ್ಲ. ಅಲ್ಲಿಗೆ ಹೊರಗಿನಿಂದ ತಲುಪುವ ಕೆಡುಕೇ ದೊಡ್ಡದು. 1960ರ ದಶಕದಲ್ಲೇ ಪೆಂಗ್ವಿನ್ ಮೈಯಲ್ಲಿ ಡಿಡಿಟಿ ಸಿಕ್ಕಿತ್ತು, ಅಲ್ಲಿ ಯಾರೂ ಹೊಲಕ್ಕೆ ಡಿಡಿಟಿ ಹೊಡೆದಿರಲಿಲ್ಲ. ಓಜೋನ್ ರಂಧ್ರವೂ ಹಾಗೇ. ನಮ್ಮ ಮನೆಗಳ ಫ್ರಿಡ್ಜ್, ಸ್ಪ್ರೇ ಡಬ್ಬಿಯ ಅನಿಲ ಅಲ್ಲಿ ಆಕಾಶ ತೂತು ಮಾಡಿತು. 1985ರಲ್ಲಿ ಬ್ರಿಟನ್‌ನ ಹ್ಯಾಲಿ ನೆಲೆಯ ಅಳತೆಗಳಿಂದ ಗೊತ್ತಾಯಿತು, 1987ರಲ್ಲೇ ಮಾಂಟ್ರಿಯಲ್ ಒಪ್ಪಂದ ಆಯಿತು. ಎರಡೇ ವರ್ಷ! ಆಮೇಲೆ ಜಗತ್ತಿನ ಎಲ್ಲ ದೇಶಗಳೂ ಒಪ್ಪಿದವು. ಸುಮಾರು 2066ರ ಹೊತ್ತಿಗೆ ಅಲ್ಲಿನ ಓಜೋನ್ 1980ರ ಮಟ್ಟಕ್ಕೆ ಬರಬಹುದು ಅಂತ ಅಂದಾಜು. ಇಂಗಾಲದ ವಿಷಯದಲ್ಲಿ ಆ ವೇಗ ನಮಗೆ ಇನ್ನೂ ಬಂದಿಲ್ಲ.

ಮಲ್ಲೇಶ್ವರಂ ಟೀಚರ್:
ಮಗು, ನಿನ್ನ ಮಾತಿನಲ್ಲಿ ನ್ಯಾಯ ಇದೆ. ಆದರೆ 31 ವರ್ಷ ಮಕ್ಕಳಿಗೆ ಅದನ್ನ ಕಲಿಸಿದವರು ಒಂದು ಸಲ ನೋಡಿ ಬಂದು ಇನ್ನಷ್ಟು ಮಕ್ಕಳಿಗೆ ಹೇಳಿದರೆ ಅದಕ್ಕೂ ಬೆಲೆ ಇದೆ ಅಂತ ನನಗನಿಸುತ್ತೆ. ನನ್ನಿಂದಾದರೆ ನಾನೂ ಹೋಗುತ್ತಿದ್ದೆ.

ಹಿಮ ನೋಡಿದವನು:
ಹೋಗೋದು ಬಿಡೋದು ನಿಮಗೆ ಬಿಟ್ಟಿದ್ದು. ಹೋಗುವ ಹಾಗಿದ್ದರೆ ಒಂದೇ ವಿಷಯ ಗಟ್ಟಿಯಾಗಿ ಹಿಡಿಯಿರಿ. ಬೀಜ. ಪೋಲೆಂಡಿನ ಆರ್ಕ್ಟೋವ್ಸ್ಕಿ ನೆಲೆಯ ಹತ್ತಿರ ಯೂರೋಪಿನ ಒಂದು ಸಾಮಾನ್ಯ ಹುಲ್ಲು ಬೇರು ಬಿಟ್ಟಿದೆ, ಕಿತ್ತು ಕಿತ್ತು ಸಾಕಾಗಿದೆ. ಬಟ್ಟೆಗೋ ಸಾಮಾನಿಗೋ ಅಂಟಿಕೊಂಡು ಬಂದಿದ್ದು. ದಕ್ಷಿಣ ಜಾರ್ಜಿಯಾ ದ್ವೀಪದಲ್ಲಿ ಹಳೆ ಬೇಟೆ ಹಡಗುಗಳಿಂದ ಇಲಿ ಇಳಿದು ಹಕ್ಕಿಗಳ ಮೊಟ್ಟೆ ಮರಿ ತಿಂದುಹಾಕಿದ್ದವು. ಹೆಲಿಕಾಪ್ಟರಿನಿಂದ ಮದ್ದು ಹಾಕಿ ಹಾಕಿ, 2018ರಲ್ಲಿ ಇಲಿ ಇಲ್ಲ ಅಂತ ಘೋಷಿಸಿದರು. ಬರೋಕೆ ಒಂದು ಹಡಗು ಸಾಕು, ಕಳಿಸೋಕೆ ಇನ್ನೂರು ವರ್ಷ.

ಹಕ್ಕಿಜ್ವರ ಬೇರೆ 2024ರ ಫೆಬ್ರವರಿಯಲ್ಲಿ ಮುಖ್ಯ ಖಂಡದಲ್ಲೂ ಪತ್ತೆಯಾಗಿದೆ. ಈಗ ನೆಲದ ಮೇಲೆ ಕೂರಬೇಡಿ, ಮಂಡಿಯೂರಬೇಡಿ, ಬ್ಯಾಗು ಕೆಳಗಿಡಬೇಡಿ ಅನ್ನುತ್ತಾರೆ. ಹಡಗಿಗೆ ಹತ್ತುವಾಗ ಇಳಿಯುವಾಗ ಬೂಟನ್ನ ಸೋಂಕು ಕಳೆಯುವ ದ್ರಾವಣದಲ್ಲಿ ಅದ್ದಬೇಕು. ಯಾರೂ ನೋಡದಿದ್ದರೂ ಮಾಡಿ.

ಜಯನಗರದ ನಿವೃತ್ತ:
ಇದು ಅವರಲ್ಲ, ಅವರ ಹೆಂಡತಿ ಬರೆಯುತ್ತಿದ್ದೇನೆ. ಎಲ್ಲರಿಗೂ ತುಂಬಾ ಧನ್ಯವಾದ. ಎಂಎಸ್ಸಿ ಓದುತ್ತಿರುವ ಮಗಳೇ, ನಿನ್ನ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಈ ವರ್ಷದ ಬುಕಿಂಗ್ ಬೇಡ ಅಂತ ಏಜೆಂಟ್‌ಗೆ ಹೇಳಿಯಾಯಿತು. ಆ ಹಡಗಿನಲ್ಲಿ ಎಷ್ಟು ಜನ, ಯಾವ ಎಣ್ಣೆ, ಆ ಸಂಘದ ಸದಸ್ಯರಾ, ಮೂರನ್ನೂ ಬರೆದು ಕೇಳಿದ್ದೇನೆ. ಉತ್ತರ ಬಂದ ಮೇಲೆ ಮುಂದಿನ ಮಾತು.

ನಿನ್ನೆ ಸಂಜೆ ಸುಮ್ನೆ ಕುತೂಹಲಕ್ಕೆ ನಮ್ಮ ಟ್ರೆಕ್ಕಿಂಗ್ ಬ್ಯಾಗನ್ನ ಹಳೆ ಬಿಳಿ ಪಂಚೆ ಮೇಲೆ ಕೊಡವಿದೆ. ಹೋದ ತಿಂಗಳು ಸಾವನದುರ್ಗಕ್ಕೆ ಹೋದಾಗ ಹಾಕಿಕೊಂಡಿದ್ದ ಬೂಟನ್ನೂ. ವೆಲ್ಕ್ರೋ ಪಟ್ಟಿಯೊಳಗೆ ಸೂಜಿ ಹಾಕಿ ಕೆದಕಿದಾಗ ಉತ್ತರಾಣಿ ಬೀಜ 14 ಸಿಕ್ಕವು, ಇನ್ನೂ ಎರಡು ಥರದ ಹುಲ್ಲಿನ ಬೀಜ ಬೇರೆ. ಬೂಟಿನ ತಳದಲ್ಲಿ ಕೆಂಪು ಮಣ್ಣು. ಹಿಮ ನೋಡಿದ ತಮ್ಮ, ವೆಲ್ಕ್ರೋಗೆ ವ್ಯಾಕ್ಯೂಮ್ ಸಾಕಾ, ಇಲ್ಲ ಬ್ಯಾಗೇ ಬದಲಿಸಬೇಕಾ?

ಹಿಮ ನೋಡಿದವನು:
ಬದಲಿಸೋದು ಬೇಡ ಅಕ್ಕಾ. ಮೊದಲು ಚಿಮಟ, ಸೂಜಿ, ಆಮೇಲೆ ವ್ಯಾಕ್ಯೂಮ್, ಕೊನೆಗೆ ಹಳೆ ಟೂತ್‌ಬ್ರಷ್ ಹಿಡಿದು ಸೋಪಿನ ನೀರಲ್ಲಿ ಉಜ್ಜಿ ಬಿಸಿಲಿಗೆ ಒಣಗಿಸಿ. ಜೇಬಿನ ಮೂಲೆಯನ್ನ ಒಳಗಿಂದ ಹೊರಗೆ ತಿರುಗಿಸಿ ನೋಡಿ, ಜಾಸ್ತಿ ಇರೋದು ಅಲ್ಲೇ. ತೆಗೆದ ಬೀಜಗಳನ್ನ ಕಟ್ಟಿ ಕಸಕ್ಕೆ ಹಾಕಿ.